ಬೈಲಕುಪ್ಪೆಯಲ್ಲಿ ಹುಟ್ಟಿದವರು ಯಾವ ದೇಶದವರು?

ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಇದೆ. ಬೆಂಗಳೂರಿನ ಬಸ್ಸಿನಲ್ಲಿ ನೀರು ಕುಡಿದಂತೆ ಕನ್ನಡ ಮಾತಾಡುವ ಟಿಬೆಟನ್ ಮೂಲದವರನ್ನೂ ಜನ ‘ಚೈನಾದವರಾ?’ ಅಂತ ಕೇಳುತ್ತಾರೆ. ಮುಖ ನೋಡಿ ದೇಶ ಹೇಳುವ ಈ ಚಾಳಿ ನೋವು ಕೊಡುತ್ತದೆ. ಕಾನೂನು ಮೊದಲು ನೋಡುವುದು ಹುಟ್ಟಿದ ತಾರೀಖನ್ನು.

1955ರ ಪೌರತ್ವ ಕಾಯ್ದೆಯ 3ನೇ ಕಲಂ ಪ್ರಕಾರ 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು, ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಬಿಟ್ಟರೆ, ಹುಟ್ಟಿನಿಂದಲೇ ಭಾರತೀಯರು. ಕರ್ನಾಟಕ ಹೈಕೋರ್ಟ್ 2013ರಲ್ಲಿ ಇದನ್ನೇ ಎತ್ತಿಹಿಡಿಯಿತು. ನಂತರ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಿರಬೇಕು. 2004ರ ಡಿಸೆಂಬರ್ 3ರಿಂದ ನಿಯಮ ಇನ್ನೂ ಬಿಗಿ. ಹಾಗಾಗಿ ನಿರಾಶ್ರಿತ ದಂಪತಿಯ ಮಕ್ಕಳಲ್ಲಿ 1985ರಲ್ಲಿ ಹುಟ್ಟಿದ ಅಕ್ಕ ಭಾರತೀಯಳು, 1988ರ ತಮ್ಮ ಅಲ್ಲ. ಅದೇ ಮನೆ, ಅದೇ ಮುಸುಕಿನ ಜೋಳದ ಹೊಲ. ಇದು ನ್ಯಾಯ ಅಂತ ಒಪ್ಪಲು ಮನಸ್ಸು ಬಾರದು.

ಅಕ್ಕನಂಥವರಿಗೂ ಪಾಸ್‌ಪೋರ್ಟ್ ಪಡೆಯುವ ದಾರಿ ಸಲೀಸಲ್ಲ. ಹೆರಿಗೆ ಮನೆಯಲ್ಲೇ ಆಗಿದ್ದರೆ ಎಷ್ಟೋ ಸಲ ಜನನ ನೋಂದಣಿ ಇರುವುದಿಲ್ಲ. ಮೊದಲು ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ಪಡೆಯಬೇಕು. ವರ್ಷ ದಾಟಿದ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಶಾಲೆಯ ಟಿಸಿ, ಟಿಬೆಟನ್ನರಿಗೆ ಸರ್ಕಾರ ಕೊಡುವ ವಿದೇಶಿಯರ ನೋಂದಣಿ ಪತ್ರ, ಜನನ ಪ್ರಮಾಣಪತ್ರ ಮೂರರಲ್ಲೂ ತಾರೀಖು, ಹೆಸರಿನ ಕಾಗುಣಿತ ಒಂದೇ ಇದೆಯಾ ಅಂತ ಅರ್ಜಿಗೂ ಮುಂಚೆ ಕೂತು ಹೋಲಿಸಿ. ಟಿಬೆಟನ್ನರಲ್ಲಿ ಸಾಮಾನ್ಯವಾದ ‘ತೆನ್‌ಜಿನ್’ ಮನೆತನದ ಹೆಸರಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಪೂರ್ತಿ ಹೆಸರನ್ನು ಗಿವನ್ ನೇಮ್ ಖಾನೆಗೆ ಬರೆದು ಸರ್‌ನೇಮ್ ಖಾಲಿ ಬಿಡಿ. ಹೆಸರು ಒಡೆದರೆ ಉಳಿದ ದಾಖಲೆಗಳಿಗೆ ತಾಳೆಯಾಗದು.