ಮದುವೆ ಕಾಗದ ಕಲಿಸಿದ ಅಂಚೆಚೀಟಿ ಪಾಠ

ಮೈಸೂರಿನ ದೇವರಾಜ ಮಾರುಕಟ್ಟೆಯ ಹತ್ತಿರ ಹಳೆಯ ನಾಣ್ಯ, ಅಂಚೆಚೀಟಿ ಮಾರುವ ಸಣ್ಣ ಅಂಗಡಿಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಸೇರಿದ ಎರಡನೆಯ ವರ್ಷ, ಯಜಮಾನರು ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ, ಒಂದು ಬಣ್ಣದ ಚೀಟಿಗೆ 1,800 ರೂಪಾಯಿ ಕೊಟ್ಟುಬಿಟ್ಟೆ. ಅದರ ಕಪ್ಪು ಅಕ್ಷರಗಳೆಲ್ಲ ಜೋಡಿಜೋಡಿಯಾಗಿ ಕಾಣುತ್ತಿದ್ದವು. ತಂದವನು ‘ಡಬಲ್ ಪ್ರಿಂಟ್’ ಎಂದ, ನನ್ನ ಕಣ್ಣೂ ಹೌದೆಂದಿತು. ಊಟ ಮುಗಿಸಿ ಬಂದ ಯಜಮಾನರು ಬೈಯಲಿಲ್ಲ. “ಶಿವರಾಂಪೇಟೆಯ ಪ್ರೆಸ್ಸಿಗೆ ಹೋಗಿ, ಮಷಿನ್ ಓಡಿಸುವವರಿಗೆ ತೋರಿಸಿಕೊಂಡು ಬಾ” ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಪ್ರೆಸ್ಸಿನ ಹಿರಿಯರು ಚೀಟಿಯನ್ನು ಒಂದು ಕ್ಷಣ ನೋಡಿ ಪಕ್ಕಕ್ಕಿಟ್ಟರು. ಮೂಲೆಯ ರದ್ದಿಯಿಂದ ಮದುವೆ ಆಮಂತ್ರಣದ ಹಾಳೆಯೊಂದನ್ನು ಎಳೆದು, ಅದರ ಮೇಲೆ ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್ ಇಟ್ಟು, ನೋಡು ಎಂದರು. ತಲೆಯ ಮೇಲಿನ ‘ಶ್ರೀ’ಯ ಪಕ್ಕದಲ್ಲೇ ಇನ್ನೊಂದು ‘ಶ್ರೀ’. ಮೊದಲನೆಯದು ಗಟ್ಟಿ ಕಪ್ಪು. ಕೂದಲೆಳೆಯಷ್ಟು ಸರಿದು ಬಿದ್ದ ಎರಡನೆಯದು ಬೂದು, ಕೆಳಗಿನ ಒತ್ತಿನ ಬಳಿ ಮಸಿ ತುಂಡು ತುಂಡಾಗಿ ನಿಂತಿತ್ತು. ಹೂವಿನ ಚಿತ್ರದಲ್ಲಿ ಪ್ರತಿ ಚುಕ್ಕಿಗೂ ಒಂದು ಮರಿಚುಕ್ಕಿ ಅಂಟಿಕೊಂಡಿತ್ತು. ನನ್ನ ಚೀಟಿಯಲ್ಲಿಯೂ ಅದೇ.

“ಬ್ಲಾಂಕೆಟ್ ಸಡಿಲವಾದರೆ ಹೀಗೇ ಕಣಪ್ಪ. ನಾವು ರದ್ದಿಗೆ ಹಾಕುತ್ತೇವೆ, ನೀನು ದುಡ್ಡು ಕೊಟ್ಟು ತೆಗೆದುಕೊಂಡೆಯಾ?”

ಆಫ್‌ಸೆಟ್ ಎಂಬ ಬಗೆಯ ಮುದ್ರಣದಲ್ಲಿ ಚಿತ್ರವಿರುವ ಪ್ಲೇಟು ಕಾಗದವನ್ನು ಮುಟ್ಟುವುದೇ ಇಲ್ಲ. ಪ್ಲೇಟಿನ ಮಸಿ ರಬ್ಬರಿನ ಬ್ಲಾಂಕೆಟ್ಟಿಗೆ, ಅಲ್ಲಿಂದ ಕಾಗದಕ್ಕೆ. ಪ್ರತಿ ಸುತ್ತಿನಲ್ಲಿಯೂ ಬ್ಲಾಂಕೆಟ್ ಮೇಲೆ ಹಿಂದಿನ ಹಾಳೆಯ ಮಸಿ ಸ್ವಲ್ಪ ಉಳಿದಿರುತ್ತದೆ. ಹೊಸ ಚಿತ್ರ ಕರಾರುವಾಕ್ಕಾಗಿ ಅದರ ಮೇಲೆಯೇ ಕೂತರೆ ಯಾರಿಗೂ ತಿಳಿಯುವುದಿಲ್ಲ, ಒಂದಿಷ್ಟು ಸರಿದರೆ ಹಳೆಯದು ನೆರಳಾಗಿ ಪಕ್ಕದಲ್ಲಿ ಬೀಳುತ್ತದೆ. ಕಾಗದ ಯಂತ್ರದೊಳಗೆ ಹೋದದ್ದು ಒಂದೇ ಸಲ. ನಿಜವಾದ ಡಬಲ್ ಪ್ರಿಂಟ್ ಎಂದರೆ ಹಾಳೆಗೆ ಎರಡು ಸಲ ಅಚ್ಚು ಬಿದ್ದಿರಬೇಕು. ಆಗ ಎರಡನೆಯದಕ್ಕೂ ಅದರದೇ ಹೊಸ ಮಸಿ ಇರುತ್ತದೆ, ಗೆರೆಗಳು ತುಂಬಿಕೊಂಡಿರುತ್ತವೆ, ಎಷ್ಟೋ ಸಲ ಓರೆಯಾಗಿಯೂ ಕೂತಿರುತ್ತವೆ. ಇಂಥದ್ದು ಅಪರೂಪ, ಬೆಲೆಯೂ ಅದಕ್ಕೇ. ಚುಕ್ಕಿಗಳು ಜೋಡಿಯಾಗದೆ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅದು ಮಸಿ ಉಜ್ಜಿದ್ದು, ಅದಕ್ಕೆ ಬೆಲೆಯೇ ಇಲ್ಲ.

ಆಮೇಲೆ ನನಗೊಂದು ಅಭ್ಯಾಸ ಬಂತು: ಚೀಟಿ ಕೈಗೆ ಬಂದರೆ ಮೊದಲು ಯಾವ ಬಗೆಯ ಮುದ್ರಣ ಎಂದು ನೋಡುವುದು, ದೋಷ ಆಮೇಲೆ. 1952ರ ಅಕ್ಟೋಬರ್ 1ರಂದು ಬಂದ ಸಂತರು ಮತ್ತು ಕವಿಗಳ ಸರಣಿಯ ಆರು ಚೀಟಿಗಳು ನಾಸಿಕ್‌ನಲ್ಲಿ ಫೋಟೋಗ್ರಾವ್ಯೂರ್‌ನಲ್ಲಿ ಅಚ್ಚಾದವು. ಅಲ್ಲಿ ಸಿಲಿಂಡರ್ ನೇರವಾಗಿ ಕಾಗದಕ್ಕೆ ಒತ್ತುತ್ತದೆ, ಬ್ಲಾಂಕೆಟ್ ಕಥೆ ಹೇಳುವಂತಿಲ್ಲ. ಇನ್ನು ಎರಡು ಮೂರು ಬಣ್ಣದ ಚೀಟಿಯಲ್ಲಿ ಒಂದು ಬಣ್ಣ ಜರುಗಿ ಮುಖಕ್ಕೆ ಎರಡು ಮೂಗು ಬಂದಂತೆ ಕಂಡರೆ ಅದು ಬಣ್ಣ ಜರುಗಿದ್ದು ಅಷ್ಟೇ.

ಲೋಹದ ಪ್ಲೇಟಿನಲ್ಲಿ ಕೊರೆದು ಅಚ್ಚು ಹಾಕಿದ ಹಳೆಯ ಚೀಟಿಗಳದು ಬೇರೆಯೇ ದಾರಿ, ನನಗೆ ಅತ್ಯಂತ ಇಷ್ಟವಾದದ್ದೂ ಅದೇ. 1840ರ ಪೆನ್ನಿ ಬ್ಲ್ಯಾಕ್ ಚೀಟಿಯ ಪ್ಲೇಟಿಗೆ ಉಕ್ಕಿನ ರೋಲರಿನಿಂದ 240 ಸಲ ಚಿತ್ರ ಒತ್ತುತ್ತಿದ್ದರು. ಒಂದು ಜಾಗದಲ್ಲಿ ಚಿತ್ರ ಸರಿಯಾಗಿ ಮೂಡದಿದ್ದರೆ, ಸವೆದಿದ್ದರೆ, ಮತ್ತೊಮ್ಮೆ ಒತ್ತುವರು. ಹಳೆಯ ಗೆರೆ ಪೂರ್ತಿ ಅಳಿಯದಿದ್ದರೆ ಆ ಒಂದು ಮನೆಯಲ್ಲಿ ಗೆರೆಗಳು ಎರಡೆರಡು. ಇದನ್ನು ರೀ-ಎಂಟ್ರಿ ಎನ್ನುತ್ತಾರೆ. ದೋಷ ಪ್ಲೇಟಿನದಾದ್ದರಿಂದ, ಪ್ಲೇಟನ್ನು ಮತ್ತೆ ತಿದ್ದುವ ತನಕ ಅದೇ ಜಾಗದ ಪ್ರತಿ ಚೀಟಿಯಲ್ಲಿಯೂ ಬರುತ್ತದೆ. ಪೆನ್ನಿ ಬ್ಲ್ಯಾಕ್‌ನ ಕೆಳಗಿನ ಎರಡು ಮೂಲೆಯ ಅಕ್ಷರಗಳು ಆ ಜಾಗದ ವಿಳಾಸವಿದ್ದಂತೆ. ಅದೇ ಪ್ಲೇಟಿನ, ಅದೇ ಅಕ್ಷರದ ಇನ್ನೊಂದು ಚೀಟಿಯಲ್ಲಿ ಅದೇ ಗೆರೆ ಅಲ್ಲೇ ಜೋಡಿಯಾಗಿದ್ದರೆ ಮಾತು ಮುಗಿಯಿತು.

ಈಚೆಗೆ ಫೋನಿನಲ್ಲೇ ಚಿತ್ರ ಕಳಿಸಿ ಬೆಲೆ ಕೇಳುವವರು ಹೆಚ್ಚು. ಕೈ ನಡುಗಿದರೆ ಎಲ್ಲ ಚೀಟಿಯೂ ಡಬಲ್ಲೇ. ಅಂಗಡಿಗೆ ಬನ್ನಿ ಎಂದುಬಿಡುತ್ತೇನೆ.

ಹಾಗೆ ಕಳೆದ ವಾರ ಮಂಡ್ಯದಿಂದ ನಿವೃತ್ತ ಮೇಷ್ಟ್ರೊಬ್ಬರು ಬಂದರು. ಪಟಿಯಾಲ ಸಂಸ್ಥಾನದ ಹೆಸರನ್ನು ಬ್ರಿಟಿಷ್ ಇಂಡಿಯಾದ ಚೀಟಿಯ ಮೇಲೆ ಅಚ್ಚು ಹಾಕಿದ್ದು, ಹೆಸರು ಎರಡು ಸಲ ಬಿದ್ದಿತ್ತು. ಚಿಮುಟದಲ್ಲಿ ಹಿಡಿದು ದೀಪಕ್ಕೆ ಓರೆ ಮಾಡಿದೆ. ಮೊದಲ ಹೆಸರಿನ ಮೇಲೆ ಅಂಚೆ ಮುದ್ರೆಯ ವೃತ್ತ ಹಾದುಹೋಗಿತ್ತು. ಎರಡನೆಯ ಹೆಸರು ಆ ವೃತ್ತದ ಮೇಲೆ ಕೂತಿತ್ತು.

“ಮೇಷ್ಟ್ರೇ, ಕಾಗದ ಊರು ಮುಟ್ಟಿದ ಮೇಲೆ ಇದನ್ನು ಯಾರೋ ಒತ್ತಿದ್ದಾರೆ” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಸಮಾಧಾನವಾಗಲಿ ಎಂದು ಗಲ್ಲಾ ಪೆಟ್ಟಿಗೆಯಿಂದ ನನ್ನ 1,800 ರೂಪಾಯಿಯ ಚೀಟಿಯನ್ನೂ ಆ ಮದುವೆ ಹಾಳೆಯ ತುಂಡನ್ನೂ ತೆಗೆದು ಮುಂದಿಟ್ಟೆ. ಮೇಷ್ಟ್ರು ಲೆನ್ಸ್ ಕಣ್ಣಿಗೊತ್ತಿಕೊಂಡು ಹಾಳೆಯನ್ನೇ ಬಹಳ ಹೊತ್ತು ನೋಡಿದರು.

“ವರನ ಹೆಸರೂ ಎರಡು ಸಲ ಬಿದ್ದಿದೆಯಲ್ಲಪ್ಪ, ಮದುವೆ ಒಂದೇ ಆಯಿತು ತಾನೇ?”