"ನೆರಳಲ್ಲಿ ಘಮಘಮ ಹೂವು ಬಿಡುತ್ತಾ?" ಅನ್ನುವವರಿಗೆ

ಬಿಡುತ್ತೆ. ಉತ್ತರ ಮುಗಿಯಿತು. ಆದರೆ ಕೇಳುವವರು ಅಷ್ಟಕ್ಕೆ ಬಿಡುವುದಿಲ್ಲ. "ಬಿಸಿಲೇ ಬೀಳದ ಮೂಲೆ. ಗಿಡ ವರ್ಷವಿಡೀ ಹಸಿರಾಗಿರಬೇಕು, ಪರಿಮಳ ಬೇಕು, ಎಲೆ ಉದುರಬಾರದು, ಆರೈಕೆ ಜಾಸ್ತಿ ಕೇಳಬಾರದು. ಒಂದೇ ಒಂದು ಹೆಸರು ಹೇಳಿ." ಅಂಥದ್ದು ಪ್ಲಾಸ್ಟಿಕ್ಕಿನಲ್ಲಿ ಸಿಗುತ್ತದೆ. ಮೇಲೆ ಒಂದಿಷ್ಟು ಅತ್ತರು ಚಿಮುಕಿಸಿಕೊಳ್ಳಿ.

ಸದಾ ಹಸಿರಾಗಿರುವ ಗಿಡವೂ ಎಲೆ ಉದುರಿಸುತ್ತದೆ. ಒಮ್ಮೆಲೇ ಬೋಳಾಗುವುದಿಲ್ಲ, ಅಷ್ಟೇ. ಹಾಗಾಗಿ ಗಾರ್ಡೇನಿಯಾ ಅನ್ನುವ ಘಮದ ಬಿಳಿ ಹೂವಿನ ಗಿಡದ ನಾಲ್ಕು ಹಳೇ ಎಲೆ ಹಳದಿಯಾದರೆ ನನಗೆ ಫೋಟೋ ಕಳಿಸಬೇಡಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಳಿಸಿ. ಅದು ಕಬ್ಬಿಣದ ಕೊರತೆ. ಈ ಗಿಡಕ್ಕೆ ಹುಳಿ, ಅಂದರೆ ಆಮ್ಲೀಯ ಮಣ್ಣು ಬೇಕು. ಸುಣ್ಣ ಜಾಸ್ತಿ ಇದ್ದರೆ ಮಣ್ಣಲ್ಲಿ ಕಬ್ಬಿಣ ಇದ್ದೂ ಬೇರಿಗೆ ಸಿಗುವುದಿಲ್ಲ.

ಇನ್ನು ನೆರಳು. ಗೋಡೆಯ ನೆರಳು ಬೇರೆ, ಮರದ ನೆರಳು ಬೇರೆ. ಗೋಡೆ ನೀರು ಕುಡಿಯುವುದಿಲ್ಲ. ಮರ ನೀವು ಹಾಕಿದ್ದನ್ನೆಲ್ಲ ಕುಡಿದು ಸುಮ್ನೆ ನಿಂತಿರುತ್ತದೆ. ಬೆಳಗಿನ ಎಳೆಬಿಸಿಲು ಸ್ವಲ್ಪ ಹೊತ್ತಾದರೂ ಬೀಳುವ ಕಡೆ ಗಾರ್ಡೇನಿಯಾ, ಕಾಮಿನಿ, ಆಸ್ಮಾಂಥಸ್‌ನಂಥ ಘಮದ ಹೂವಿನ ಪೊದೆಗಳು ಹೂ ಕೊಡುತ್ತವೆ. ದಟ್ಟ ನೆರಳಲ್ಲಿ ಎಲೆ ಬಿಟ್ಟುಕೊಂಡು ಕಾಲ ಹಾಕುತ್ತವೆ. ಚಳಿ ಸೀಮೆಯವರಾದರೆ ದಟ್ಟ ಒಣ ನೆರಳಿಗೂ ಸಾರ್ಕೊಕೊಕಾ ಅನ್ನುವ ಪೊದೆ ಇದೆ. ಚಳಿಗಾಲದಲ್ಲಿ ಅದರ ಪುಟ್ಟ ಬಿಳಿ ಹೂ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಸಿಗುತ್ತದೆ.

ಒಮ್ಮೆ ಒಬ್ಬರು ಮಟಮಟ ಮಧ್ಯಾಹ್ನ ಬಂದು, ರಾತ್ರಿರಾಣಿ ಗಿಡದೊಳಗೆ ಮೂಗು ತೂರಿಸಿ, "ವಾಸನೆನೇ ಇಲ್ವಲ್ಲ! ಎಲ್ಲರೂ ಸುಮ್ನೆ ಹೊಗಳ್ತಾರೆ" ಅಂದರು. ಸ್ವಾಮಿ, ಹೆಸರಲ್ಲೇ ಬರೆದಿದೆ! ತಿಳಿಹಸಿರಿನ ಸಪೂರ ಕೊಳವೆಯಂಥ ಹೂವು ಹಗಲಿಡೀ ಬಾಯಿ ಮುಚ್ಚಿಕೊಂಡಿರುತ್ತದೆ. ಕತ್ತಲಾದ ಮೇಲೆ ತುದಿಯ ಐದು ಎಸಳು ಬಿಚ್ಚಿ ಘಮ ಬಿಡುತ್ತದೆ. ಕರೆಯುತ್ತಿರುವುದು ಪತಂಗಗಳನ್ನು, ನಮ್ಮನ್ನಲ್ಲ. ಅವರು ಒಪ್ಪಲಿಲ್ಲ. ಗಿಡದ ಪರವಾಗಿ ನಾನೇ ವಾದ ಮಾಡಿದೆ. ಕತ್ತಲಾಗುವ ತನಕ ಕಾಯಿರಿ ಅಂದರೆ ಅವರಿಗೆ ಪುರುಸೊತ್ತಿಲ್ಲ.

ಯಾವ ಗಿಡ ಅಂತ ಎಲ್ಲರೂ ಕೇಳುತ್ತಾರೆ. "ನಾನು ಆ ಮೂಲೆಯಲ್ಲಿ ಕೂರೋದು ಇಷ್ಟು ಹೊತ್ತಿಗೆ, ಏನು ನೆಡಲಿ?" ಅಂತ ಯಾರಾದರೂ ಕೇಳಬಾರದಾ? ಆಗ ನನಗೂ ಮಾತಾಡಲು ಹುರುಪು ಬರುತ್ತದೆ. ಊಟ ಮುಗಿಸಿ ರಾತ್ರಿ ಕೂರುವವರಿಗೆ ರಾತ್ರಿರಾಣಿ. ಮಲಗುವ ಕೋಣೆಯ ಕಿಟಕಿಯಿಂದ ಮಾತ್ರ ದೂರವಿಡಿ, ಕೆಲವರಿಗೆ ತಲೆನೋವು ಬರುತ್ತದೆ. ಕಾಯಿ ವಿಷ, ಮಕ್ಕಳಿದ್ದರೆ ಎಚ್ಚರ. ಹುಡುಕಾಟ ಇಷ್ಟ ಅನ್ನುವವರಿಗೆ ಮನೋರಂಜಿತ: ಹೂ ಹಸಿರಾಗಿರುವಾಗ ಎಲೆಗಳ ನಡುವೆ ಕಾಣುವುದೇ ಇಲ್ಲ, ಹಳದಿಗೆ ತಿರುಗಿದ ಮೇಲೆ ಕಳಿತ ಹಣ್ಣಿನ ಘಮ. ಮಧ್ಯಾಹ್ನವೇ ಮೂಸುತ್ತೇನೆ ಅನ್ನುವವರಿಗೂ ಗಿಡವಿದೆ. ಅರೆನೆರಳಲ್ಲಿ ಬೆಳೆಯುವ ಮೈಕೇಲಿಯಾ ಫಿಗೋ ಬೆಚ್ಚಗಿನ ಮಧ್ಯಾಹ್ನದಲ್ಲೇ ಬಾಳೆಹಣ್ಣಿನಂತೆ ಘಮಘಮಿಸುತ್ತದೆ. ಆ ಮಹನೀಯರಿಗೆ ಇದನ್ನು ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಅವರು ಗೇಟು ದಾಟಿದ್ದರು.