ಹನ್ನೆರಡನೇ ತರಗತಿ ಕೆಮಿಸ್ಟ್ರಿ ಕ್ರೆಡಿಟ್: ನಾಲ್ಕನೇ ಯೂನಿಟ್‌ವರೆಗೆ ಬಂದಾಯ್ತು

ಐದು ಯೂನಿಟ್‌ಗಳಲ್ಲಿ ಮೂರು ಮುಗಿದಿವೆ, ನಾಲ್ಕನೆಯದರ ನಡುವೆ ಇದ್ದೇನೆ. ಹೊಸದಾಗಿ ಓದುವವರಿಗೆ ಹೇಳುವುದಾದರೆ, ಇದು ಕೆನಡಾದ ಒಂಟಾರಿಯೋ ಪ್ರಾಂತ್ಯದ ಎಸ್‌ಸಿಎಚ್4ಯು, ಅಂದರೆ ಹನ್ನೆರಡನೇ ತರಗತಿಯ ಯೂನಿವರ್ಸಿಟಿ ಮಟ್ಟದ ಕೆಮಿಸ್ಟ್ರಿ. ಶಾಲೆ ಬಿಟ್ಟು ವರ್ಷಗಳಾದ ಮೇಲೆ ಪ್ರವೇಶಕ್ಕೆ ಈ ಒಂದು ಕ್ರೆಡಿಟ್ ಬೇಕಾಯಿತು. ಹಾಗಾಗಿ ಕೆಲಸದ ಜೊತೆಜೊತೆಗೇ ಆನ್‌ಲೈನ್‌ನಲ್ಲಿ, ನನ್ನ ವೇಗದಲ್ಲಿ ಮಾಡುತ್ತಿದ್ದೇನೆ.

ನನ್ನ ವೇಗ ಅಂದರೂ ಅದಕ್ಕೊಂದು ಲೆಕ್ಕ ಇದೆ. ಇಲ್ಲಿ ಒಂದು ಕ್ರೆಡಿಟ್ ಅಂದರೆ 110 ಗಂಟೆಗಳ ಕೋರ್ಸ್. ವಾರಕ್ಕೆ ಹತ್ತು ಗಂಟೆ ಕೊಟ್ಟರೂ ಹನ್ನೊಂದು ವಾರ. ಬೇಗ ಮುಗಿಸಿಬಿಡೋಣ ಅಂತ ಸೇರುವವರು ಮೊದಲು ಈ ಭಾಗಾಕಾರ ಮಾಡಿಕೊಳ್ಳಲಿ.

ಆರ್ಗ್ಯಾನಿಕ್ ಯೂನಿಟ್ ಹೆಸರುಗಳ ಬಾಯಿಪಾಠ, ಸಲೀಸಾಗಿ ಹೋಯಿತು. ಪರಮಾಣು ರಚನೆಯದೂ ಅಷ್ಟೇ. ಎನರ್ಜಿ ಯೂನಿಟ್‌ನಲ್ಲಿ ಹೆಸ್ ನಿಯಮದ ಲೆಕ್ಕಗಳು (ಹಂತಹಂತದ ಶಾಖ ಕೂಡಿಸಿ ಇಡೀ ಕ್ರಿಯೆಯ ಶಾಖ ಕಂಡುಹಿಡಿಯುವುದು) ಪ್ಲಸ್ ಮೈನಸ್‌ನಲ್ಲೇ ಸಾಕುಸಾಕು ಮಾಡಿದವು.

ನಿಜವಾದ ರುಚಿ ಸಿಕ್ಕಿದ್ದು ಈಗ, ಈಕ್ವಿಲಿಬ್ರಿಯಂನಲ್ಲಿ, ಅಂದರೆ ರಾಸಾಯನಿಕ ಸಮತೋಲನದ ಯೂನಿಟ್‌ನಲ್ಲಿ. ವರ್ಚುವಲ್ ಲ್ಯಾಬ್‌ನಲ್ಲಿ 0.10 ಮೋಲಾರ್ ಅಸಿಟಿಕ್ ಆಸಿಡ್ 25 ಮಿಲಿ ಇಟ್ಟು, ಅಷ್ಟೇ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಬಿಡಬೇಕು, ಟೈಟ್ರೇಶನ್ ಅಂದರೆ ಇದೇ. 12.5 ಮಿಲಿ ಬಿದ್ದಾಗ ಪಿಎಚ್ 4.74ರ ಆಸುಪಾಸು, ಅದೇ ಆ ಆಸಿಡ್‌ನ ಪಿಕೆಎ, ಅಂದರೆ ಆಸಿಡ್ ಎಷ್ಟು ಪ್ರಬಲ ಅಂತ ಹೇಳುವ ಸಂಖ್ಯೆ. ಅಲ್ಲಿಂದ ಮುಂದೆ ಪಿಎಚ್ ಗ್ರಾಫಿನ ರೇಖೆ ನಿಧಾನಕ್ಕೆ ಏರಿ, 25 ಮಿಲಿ ಹತ್ತಿರ ಬಂದಾಗ ಒಂದೇ ಸಮ ಮೇಲಕ್ಕೆ ಜಿಗಿಯುತ್ತದೆ. ಆಸಿಡೂ ಬೇಸೂ ಸರಿಸಮ ಆದ ಆ ಬಿಂದುವಿನಲ್ಲಿ ಪಿಎಚ್ 7 ಅಲ್ಲ, ಸುಮಾರು 8.7! ಉಳಿದ ಅಸಿಟೇಟ್ ನೀರಿನಿಂದಲೇ ಪ್ರೋಟಾನ್ ಕಿತ್ತುಕೊಂಡು ಹೈಡ್ರಾಕ್ಸೈಡ್ ಬಿಡುವುದೇ ಕಾರಣ. ಇಲ್ಲಿ ಆ ಬಿಂದು ತೋರಿಸುವ ಬಣ್ಣದ ಸೂಚಕವಾಗಿ ಮೀಥೈಲ್ ಆರೆಂಜ್ ಹಾಕಿದರೆ ಅರ್ಧ ದಾರಿಗೂ ಮುಂಚೆಯೇ ಬಣ್ಣ ಬದಲಿಸಿಬಿಡುತ್ತದೆ, ಫಿನಾಲ್ಫ್ತಲೀನೇ ಬೇಕು. ಗ್ರಾಫನ್ನು ಪರದೆಯಲ್ಲಿ ನೋಡಿ ಬಿಡದೆ ಕಾಗದದ ಮೇಲೆ ಕೈಯಲ್ಲಿ ಎಳೆದೆ. ತಲೆಗೆ ಹತ್ತಿದ್ದು ಆಗಲೇ.

ಅಂಕಗಳ ವಿಚಾರ. ಒಟ್ಟು ಅಂಕದಲ್ಲಿ ಶೇ. 70 ಕೋರ್ಸ್ ಉದ್ದಕ್ಕೂ ಮಾಡಿದ ಕೆಲಸಕ್ಕೆ, ಶೇ. 30 ಕೊನೆಯ ಮೌಲ್ಯಮಾಪನಕ್ಕೆ. ಪಾಸಾಗಲು ಶೇ. 50 ಸಾಕು, ಆದರೆ ಪ್ರವೇಶಕ್ಕೆ ಅದು ಯಾವ ಮೂಲೆಗೆ! ಒಂದು ಅಸೈನ್‌ಮೆಂಟ್ ಕಳಿಸಿ, ಟೀಚರ್ ಟಿಪ್ಪಣಿ ಬರುವ ತನಕ ಕೈಕಟ್ಟಿ ಕೂರದೆ ಮುಂದಿನ ಪಾಠ ಓದುತ್ತಿರುತ್ತೇನೆ. ಆದರೆ ಟಿಪ್ಪಣಿ ನೋಡದೆ ಮುಂದಿನ ಅಸೈನ್‌ಮೆಂಟ್ ಮಾತ್ರ ಕಳಿಸುವುದಿಲ್ಲ. ಯೂನಿಟ್ ಬದಲಾದರೂ ಅವರು ಕೇಳುವುದು ಅದನ್ನೇ: ಉತ್ತರ ಸರಿ, ಕಾರಣ ಎಲ್ಲಿ?

ಮಿಡ್‌ಟರ್ಮ್ ರಿಪೋರ್ಟ್ ಕಾರ್ಡೂ ಬಂತು. ಇದು ಬರೀ ಕಾಗದ ಅಂದುಕೊಳ್ಳಬೇಡಿ. ಹನ್ನೊಂದು, ಹನ್ನೆರಡನೇ ತರಗತಿಯ ಕೋರ್ಸುಗಳಲ್ಲಿ, ಅದು ಬಂದ ಐದು ಬೋಧನಾ ದಿನಗಳೊಳಗೆ ಕೋರ್ಸ್ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಅಧಿಕೃತ ಅಂಕಪಟ್ಟಿಯಲ್ಲಿ) ಏನೂ ಉಳಿಯುವುದಿಲ್ಲ. ಆಮೇಲೆ ಬಿಟ್ಟರೆ, ಬಿಟ್ಟಿದ್ದಾರೆ ಅಂತ ತೋರಿಸುವ ‘ಡಬ್ಲ್ಯೂ’ ಜೊತೆಗೆ ಅಷ್ಟರವರೆಗಿನ ಅಂಕವೂ ಅಲ್ಲೇ ಕೂರುತ್ತದೆ. ನನ್ನ ಅಂಕ ಚೆನ್ನಾಗಿಯೇ ಇತ್ತು, ಗಡುವು ದಾಟಲು ಬಿಟ್ಟೆ.

ಇನ್ನು ಬಾಕಿ ಇರುವುದು ಬಫರ್ (ಪಿಎಚ್ ಸುಲಭಕ್ಕೆ ಬದಲಾಗದ ದ್ರಾವಣ) ಲೆಕ್ಕಗಳು, ಟೈಟ್ರೇಶನ್ ವರದಿ, ಆಮೇಲೆ ಎಲೆಕ್ಟ್ರೋಕೆಮಿಸ್ಟ್ರಿ. ಕೊನೆಯ ಪರೀಕ್ಷೆಗೆ ಮೇಲ್ವಿಚಾರಕರು ಇರುತ್ತಾರೆ, ಸಮಯ ಮೊದಲೇ ಕಾಯ್ದಿರಿಸಬೇಕು. ಎಲೆಕ್ಟ್ರೋಕೆಮಿಸ್ಟ್ರಿಯ ಮೊದಲ ಟಿಪ್ಪಣಿ ಕೈಗೆ ಬಂದ ಮೇಲೆಯೇ ದಿನಾಂಕ ಹಾಕುತ್ತೇನೆ.